ಎದೆನೋವಿನ ಚೀಟಿಯಲ್ಲಿ ಏನು ಬರೆದಿದೆ?



ಸಂಘದ ಸಭೆಯಲ್ಲಿ ದವಾಖಾನೆಯ ಮಾತು ಬಂದಾಗ ಒಂದು ಮಾತು ಹೆಚ್ಚಾಗಿ ಕೇಳಿಬರುತ್ತದೆ. "ಎದಿ ನೋವಂತ ಹೋಗಿದ್ದೆ, ಹಾರ್ಟಿಂದೇನೂ ಇಲ್ಲ ಅಂದ್ರು, ಗುಳಿಗಿ ಕೊಟ್ಟು ಕಳಿಸಿದ್ರು." ಕೇಳಿದವರಿಗೆಲ್ಲ ಸಮಾಧಾನವಾಗುತ್ತದೆ, ಮಾತು ಮುಂದಿನ ಸಾಲದ ಕಂತಿಗೆ ಹೋಗುತ್ತದೆ. ಆದರೆ "ಚೀಟಿ ಎಲ್ಲೈತಿ? ಅದರಾಗ ಏನು ಬರೆದಾರ?" ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಚೀಟಿ ಔಷಧ ಅಂಗಡಿಯಲ್ಲಿ ಉಳಿದಿರುತ್ತದೆ, ಇಲ್ಲವೇ ಮಳೆಗೆ ನೆನೆದು ಹೋಗಿರುತ್ತದೆ.

ಆ ಚೀಟಿಯ ಒಂದು ಸಾಲಿನ ಮೇಲೆ ವಿಮೆಯ ಹಣ ನಿಂತಿರುತ್ತದೆ. ಮುಂದಿನ ಸಲ ನೋವು ಬಂದಾಗ ಡಾಕ್ಟರು ಏನು ಮಾಡುತ್ತಾರೆ ಎಂಬುದೂ ಅದರ ಮೇಲೆ ನಿಂತಿರುತ್ತದೆ. ಹೃದಯಕ್ಕೆ ಸಂಬಂಧವಿಲ್ಲದ ಎದೆನೋವನ್ನು ಆಸ್ಪತ್ರೆಯಲ್ಲಿ ಹೇಗೆ ಬರೆಯುತ್ತಾರೆ, ಅದಕ್ಕೆ ಯಾವ ಸಂಖ್ಯೆ ಕೊಡುತ್ತಾರೆ, ಅದರಿಂದ ನಮಗೇನು ಎಂಬುದನ್ನು ಇಲ್ಲಿ ತಿಳಿಸುತ್ತಿದ್ದೇವೆ.

ಇದಕ್ಕೂ ಮೊದಲು ಒಂದು ಎಚ್ಚರಿಕೆ. ಎದೆಯ ನಡುವೆ ಒತ್ತಿದಂತೆ, ಹಿಂಡಿದಂತೆ ನೋವು, ಅದು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುವುದು, ತಣ್ಣನೆ ಬೆವರು, ಉಸಿರು ಸಾಲದಂತಾಗುವುದು, ವಾಂತಿ ಬಂದಂತಾಗುವುದು, ಇವು ಕಂಡರೆ ಸೋಡಾ ಕುಡಿದು, ಜೀರಿಗೆ ಅಗಿದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಹೆಂಗಸರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಎದೆನೋವು ಜೋರಾಗಿ ಇಲ್ಲದೆಯೂ ಬರೀ ಸುಸ್ತು, ಉಬ್ಬಸ, ಬೆನ್ನು ನೋವು ಎಂದು ಹೃದಯಾಘಾತ ಆಗಬಹುದು. "ಗ್ಯಾಸ್ ಆಗೇತಿ" ಎಂಬ ತೀರ್ಮಾನವನ್ನು ಮನೆಯಲ್ಲಿ ಮಾಡುವಂತಿಲ್ಲ. ಇಸಿಜಿ ತೆಗೆಸಿದ ಮೇಲೆ ಡಾಕ್ಟರು ಮಾಡಬೇಕಾದ ತೀರ್ಮಾನ ಅದು. 2023-24ರಲ್ಲಿ ಸರ್ಕಾರ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತವೇ ಆಗಿದ್ದರೆ, ಡಾಕ್ಟರ ಸಲಹೆಯಂತೆ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ.

ಪರೀಕ್ಷೆ ಆಯಿತು, ಹೃದಯ ಚೆನ್ನಾಗಿದೆ ಎಂದರು ಅಂತ ಇಟ್ಟುಕೊಳ್ಳೋಣ. ಹಾಗಾದರೆ ನೋವು ಎಲ್ಲಿಂದ ಬಂತು? ಕಾರಣಗಳು ಬಹಳ ಇವೆ. ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಏರಿ ಬರುವ ಎದೆಯುರಿ ಅದರಲ್ಲಿ ದೊಡ್ಡದು. ಬೆಳಿಗ್ಗೆ ಬರೀ ಚಹಾ ಕುಡಿದು ಹೊಲಕ್ಕೆ ಹೋಗಿ, ಮಧ್ಯಾಹ್ನ ಖಾರ ಚಟ್ನಿ ರೊಟ್ಟಿ ತಿಂದು, ಮತ್ತೆ ಬಗ್ಗಿ ಕಳೆ ತೆಗೆಯುವವರಿಗೆ ಇದು ಗೊತ್ತಿರುವ ನೋವೇ. ಎದೆಯ ಮುಂದಿನ ಮೂಳೆಗೆ ಪಕ್ಕೆಲುಬು ಕೂಡುವ ಜಾಗದಲ್ಲಿ ಬಾವು ಬರಬಹುದು. ಅಲ್ಲಿ ಬೆರಳಿಟ್ಟು ಒತ್ತಿದರೆ ನೋವು ಹೆಚ್ಚಾಗುತ್ತದೆ. ಬೆಟಗೇರಿಯಲ್ಲಿ ಮಗ್ಗದ ಮೇಲೆ ದಿನವಿಡೀ ಕೈ ಎಳೆಯುವವರಿಗೆ, ನೀರಿನ ಕೊಡ ಹೊರುವವರಿಗೆ ಎದೆಯ ಸ್ನಾಯು ನೋಯುವುದುಂಟು. ಪಿತ್ತಕೋಶದ ಕಲ್ಲು, ನ್ಯುಮೋನಿಯಾ, ಕ್ಷಯ, ಸರ್ಪಸುತ್ತು ಕೂಡ ಎದೆನೋವಾಗಿ ಕಾಣಿಸಿಕೊಳ್ಳುತ್ತವೆ. ಮನಸ್ಸಿನ ಗಾಬರಿಯಿಂದಲೂ ಎದೆ ಹಿಡಿದಂತಾಗುತ್ತದೆ. ಅದೂ ನಿಜವಾದ ನೋವೇ, ನಾಟಕ ಅಲ್ಲ. ಆದರೆ ಹೆಂಗಸು ಎಂದ ಕೂಡಲೇ ಪರೀಕ್ಷೆ ಮಾಡದೆ "ಟೆನ್ಷನ್" ಎಂದು ಬರೆದು ಕಳಿಸುವುದನ್ನು ನಾವು ಒಪ್ಪುವುದಿಲ್ಲ. ಮೊದಲು ಇಸಿಜಿ, ಆಮೇಲೆ ಆ ಮಾತು.

ದಾಖಲೆ ನಿಮ್ಮ ಬಾಯಿಂದಲೇ ಶುರುವಾಗುತ್ತದೆ. ಡಾಕ್ಟರು ಮೊದಲು ಬರೆಯುವುದು ನೀವು ಹೇಳಿದ್ದನ್ನು. ನಮ್ಮಲ್ಲಿ ಅನೇಕರು ಗಂಡಸು ಡಾಕ್ಟರ ಮುಂದೆ ಎದೆ ಎನ್ನಲು ನಾಚಿ "ಇಲ್ಲೆ, ಹೊಟ್ಟಿ ಮ್ಯಾಲ" ಎಂದು ಕೈ ತೋರಿಸುತ್ತಾರೆ. ಚೀಟಿಯಲ್ಲಿ ಹೊಟ್ಟೆನೋವು ಎಂದಾಗುತ್ತದೆ. ಕೆಲವರ ಪರವಾಗಿ ಗಂಡನೋ ಮಗನೋ ಮಾತಾಡುತ್ತಾರೆ. "ಯಾವಾಗಿಂದ ಐತಿ?" ಎಂದರೆ "ಬಾಳ ದಿನದಿಂದ ಐತ್ರಿ, ಎರಡು ವರ್ಷ ಆತು" ಎಂದುಬಿಡುತ್ತಾರೆ. ಎರಡು ವರ್ಷದಿಂದ ಇದ್ದದ್ದು ಊಟದ ನಂತರದ ಎದೆಯುರಿ, ಇವತ್ತು ಮುಂಜಾನೆ ಬಂದದ್ದು ಬೇರೆ ನೋವು. ಬರೆಯುವವರು ಎರಡನ್ನೂ ಕೂಡಿಸಿ "ಎದೆನೋವು, 2 ವರ್ಷದಿಂದ" ಎಂದು ಬರೆದರೆ ಮುಂದೆ ವಿಮೆ ಕಂಪನಿ ಅದನ್ನು ಹಿಡಿದುಕೊಳ್ಳುತ್ತದೆ. ಸುಳ್ಳು ಹೇಳಬೇಕಿಲ್ಲ, ಹಳೆಯದನ್ನು ಮುಚ್ಚಿಡುವುದೂ ಬೇಡ. ಹಳೆಯದು ಯಾವುದು, ಹೊಸದು ಯಾವುದು, ಈ ನೋವು ಎಷ್ಟು ಗಂಟೆಗೆ ಶುರುವಾಯಿತು, ಏನು ಮಾಡುವಾಗ ಬಂತು ಎಂದು ಬಿಡಿಸಿ ಹೇಳಿ.

ಈಗ ಚೀಟಿಗೆ ಬರೋಣ. ಡಾಕ್ಟರು ಬರೆಯುವ ಇಂಗ್ಲಿಷಿನ ಕೆಲವು ಗುರುತುಗಳು ಎಲ್ಲ ಕಡೆ ಒಂದೇ. "ಸಿ/ಓ" ಎಂದರೆ ರೋಗಿ ಹೇಳಿದ ತೊಂದರೆ. "ಕೆ/ಸಿ/ಓ" ಎಂದರೆ ಮೊದಲೇ ಗೊತ್ತಿರುವ ಕಾಯಿಲೆ. "ಎಪಿಡಿ" ಎಂದರೆ ಹೊಟ್ಟೆಯ ಆಮ್ಲದ ತೊಂದರೆ. "ಐಎಚ್‌ಡಿ" ಎಂದರೆ ಹೃದಯಕ್ಕೆ ರಕ್ತ ಸಾಲದ ಕಾಯಿಲೆ. "ಎಂಐ" ಎಂದರೆ ಹೃದಯಾಘಾತ. "ಆರ್/ಓ" ಎಂದರೆ ಆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು ಎಂದರ್ಥ. ಇವುಗಳ ಹಿಂದೆ ಒಂದು ಪ್ರಶ್ನೆ ಚಿಹ್ನೆ ಇದೆಯೇ ನೋಡಿ. "?ಐಎಚ್‌ಡಿ" ಎಂದರೆ ಡಾಕ್ಟರಿಗೆ ಅನುಮಾನ ಇದೆ, ಇನ್ನೂ ಗೊತ್ತಾಗಿಲ್ಲ ಎಂದು. ಆ ಸಣ್ಣ ಚಿಹ್ನೆ ಒಂದು ಕಾಗದದಿಂದ ಇನ್ನೊಂದಕ್ಕೆ ನಕಲಾಗುವಾಗ ಬಿಟ್ಟುಹೋದರೆ, ಅನುಮಾನ ಕಾಯಿಲೆಯಾಗಿ ಬಿಡುತ್ತದೆ.

ಚೀಟಿಯ ಮಾತು ಆಮೇಲೆ ಸಂಖ್ಯೆಯಾಗುತ್ತದೆ. ನಮ್ಮ ಸಂಘದ ಖಾತೆ ಪುಸ್ತಕವನ್ನೇ ನೋಡಿ. ಉಳಿತಾಯಕ್ಕೆ ಒಂದು ಪುಟ, ಸಾಲ ಮರುಪಾವತಿಗೆ ಒಂದು ಪುಟ, ಬಡ್ಡಿಗೆ ಒಂದು ಪುಟ. ಬಂದ ಹಣ ಒಂದೇ ಆದರೂ ಯಾವ ಪುಟಕ್ಕೆ ಬರೆದೆವು ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಕಾಯಿಲೆಗಳಿಗೂ ಹೀಗೆ ಪುಟಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಈ ಪಟ್ಟಿಗೆ ಐಸಿಡಿ ಎಂದು ಹೆಸರು. ಇದರ ಮೂಲ ಫ್ರಾನ್ಸಿನ ಜಾಕ್ ಬರ್ತಿಲೋನ್ ಎಂಬುವರು 1893ರಲ್ಲಿ ಮಂಡಿಸಿದ ಸಾವಿನ ಕಾರಣಗಳ ಪಟ್ಟಿ. ಹತ್ತನೆಯ ಆವೃತ್ತಿಗೆ 1990ರಲ್ಲಿ ಒಪ್ಪಿಗೆ ಸಿಕ್ಕಿತು. ಹನ್ನೊಂದನೆಯದು 2022ರ ಜನವರಿಯಿಂದ ಜಾರಿಗೆ ಬಂದರೂ, ವಿಮೆಯ ಫಾರಂಗಳಲ್ಲಿ ನೀವು ಕಾಣುವುದು ಹತ್ತನೆಯದನ್ನೇ.

ಅದರಲ್ಲಿ ಐ ಅಕ್ಷರದ ಪುಟಗಳು ಹೃದಯ ಮತ್ತು ರಕ್ತನಾಳದವು. ಐ 20 ಹೃದಯದ ರಕ್ತ ಕಡಿಮೆಯಾಗಿ ಬರುವ ಎದೆನೋವು, ಐ 21 ಹೃದಯಾಘಾತ. ಆಮ್ಲ ಮೇಲೇರುವುದಕ್ಕೆ ಕೆ 21. ಪಕ್ಕೆಲುಬಿನ ಕೀಲಿನ ಬಾವಿಗೆ ಎಂ 94.0. ಗಾಬರಿ ಕಾಯಿಲೆಗೆ ಎಫ್ 41.0. ಸರ್ಪಸುತ್ತಿಗೆ ಬಿ 02. ಕಾರಣ ಏನೆಂದು ಗೊತ್ತಾಗದೆ ಬರೀ ಎದೆನೋವು ಎಂದಷ್ಟೇ ಉಳಿದರೆ ಆರ್ 07. ಆರ್ ಅಕ್ಷರದ ಪುಟಗಳು ಲಕ್ಷಣಗಳಿಗೆ ಮೀಸಲು, ಅಂದರೆ ತೊಂದರೆ ಇದೆ, ಕಾಯಿಲೆಯ ಹೆಸರು ಸಿಕ್ಕಿಲ್ಲ. ಆರ್ 07ರಲ್ಲೂ ಒಳಪುಟಗಳಿವೆ. ಉಸಿರೆಳೆದಾಗ ಬರುವ ನೋವು 07.1, ಹೃದಯದ ಮುಂಭಾಗದ ನೋವು 07.2, ಬೇರೆ ಬಗೆಯ ಎದೆನೋವು 07.3, ಯಾವುದೆಂದು ಬರೆಯದೇ ಇದ್ದದ್ದು 07.4. ಕೆಲವು ಆಸ್ಪತ್ರೆಗಳ ಕಂಪ್ಯೂಟರಿನಲ್ಲಿ ಅಮೆರಿಕದ ಪಟ್ಟಿ ಇರುತ್ತದೆ, ಅಲ್ಲಿ ಕೊನೆಯದಕ್ಕೆ 07.9 ಎಂದು ಬರುತ್ತದೆ. ಗಾಬರಿಯಾಗಬೇಡಿ, ಅರ್ಥ ಅದೇ.

ಇಲ್ಲೊಂದು ವಿಚಿತ್ರ ಇದೆ. "ಹೃದಯದ್ದಲ್ಲದ ಎದೆನೋವು" ಎಂಬುದಕ್ಕೇ ಆದ ಪ್ರತ್ಯೇಕ ಪುಟ ಈ ಹತ್ತನೆಯ ಪಟ್ಟಿಯಲ್ಲಿ ಇಲ್ಲ. ಡಾಕ್ಟರು "ನಾನ್ ಕಾರ್ಡಿಯಾಕ್ ಚೆಸ್ಟ್ ಪೇನ್" ಎಂದು ಬರೆದು ಬಿಟ್ಟರೆ, ರೆಕಾರ್ಡ್ ರೂಮಿನಲ್ಲಿ ಕುಳಿತವರು ಆರ್ 07ರಲ್ಲಿ ಯಾವುದೋ ಒಂದು ಸಂಖ್ಯೆ ಹಾಕುತ್ತಾರೆ. ಹೃದಯ ಅಲ್ಲ ಎಂಬ ಮುಖ್ಯ ಮಾತು ಸಂಖ್ಯೆಯಲ್ಲಿ ಉಳಿಯುವುದಿಲ್ಲ. ಆದ್ದರಿಂದ ಅದು ಬರವಣಿಗೆಯಲ್ಲೇ ಇರಬೇಕು. ಯಾವ ಪರೀಕ್ಷೆ ಮಾಡಿದರು, ಏನು ಬಂತು, ಯಾವುದನ್ನು ಅಲ್ಲ ಎಂದು ನಿರ್ಧರಿಸಿದರು, ಉಳಿದ ಕಾರಣ ಯಾವುದು, ಇಷ್ಟೂ ಬೇಕು.

ಪಟ್ಟಿಯ ಜೊತೆ ಬರುವ ನಿಯಮ ಪುಸ್ತಕದಲ್ಲಿ ನಮಗೆ ಉಪಯೋಗವಾಗುವ ಮಾತೊಂದಿದೆ. ಚಿಕಿತ್ಸೆ ಮುಗಿಯುವ ಹೊತ್ತಿಗೂ ಕಾಯಿಲೆ ಯಾವುದೆಂದು ಖಚಿತವಾಗದಿದ್ದರೆ, "ಇರಬಹುದು", "ಅನುಮಾನ" ಎಂದು ಕಾಯಿಲೆಯ ಹೆಸರು ಬರೆಯುವ ಬದಲು ಲಕ್ಷಣವನ್ನೇ ಬರೆಯಬೇಕು ಎನ್ನುತ್ತದೆ ಆ ನಿಯಮ. ಅಂದರೆ "?ಐಎಚ್‌ಡಿ" ಎಂದು ಬಿಡುಗಡೆ ಕಾಗದದಲ್ಲಿ ಬಿಟ್ಟುಬಿಡುವುದಕ್ಕಿಂತ "ಎದೆನೋವು" ಎಂದು ಬರೆಯುವುದು ಸರಿ. ಹೃದಯಾಘಾತದ ಅನುಮಾನದಿಂದ ದಾಖಲು ಮಾಡಿಕೊಂಡು, ನೋಡಿ, ಇಲ್ಲ ಎಂದು ಗೊತ್ತಾದವರಿಗೆ ಬೇರೆ ಪುಟವೇ ಇದೆ, ಝಡ್ 03.4.

ಒಂದು ಉದಾಹರಣೆ ನೋಡೋಣ. ಮುಂಡರಗಿ ಕಡೆಯ ಒಬ್ಬ ಸದಸ್ಯೆಗೆ ಶೇಂಗಾ ಕೀಳುವಾಗ ಎದೆನೋವು ಬಂತು ಅಂತ ತಿಳಿದುಕೊಳ್ಳಿ. ಊರ ಡಾಕ್ಟರು ನೋಡಿ "ಗ್ಯಾಸ್ಟ್ರೈಟಿಸ್" ಎಂದು ಬರೆದು ಇಂಜೆಕ್ಷನ್ ಕೊಟ್ಟರು. ನೋವು ಇಳಿಯಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು "?ಐಎಚ್‌ಡಿ" ಎಂದು ಬರೆದು ಗದಗಿಗೆ ಕಳಿಸಿದರು. ಗದಗಿನ ದೊಡ್ಡ ಆಸ್ಪತ್ರೆಯಲ್ಲಿ ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆ ಮಾಡಿದರು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಇದು ಏರುತ್ತದೆ. ಏರಲು ಕೆಲವು ಗಂಟೆ ಬೇಕಾದ್ದರಿಂದ ಒಮ್ಮೆ ಮಾಡಿ ಸಾಲದೆ ಮತ್ತೆ ಮಾಡುತ್ತಾರೆ. ಎರಡೂ ಸರಿ ಬಂತು. ಪಕ್ಕೆಲುಬಿನ ಕೀಲು ಒತ್ತಿದಾಗ ನೋವು. "ಹಾರ್ಟ್ ಅಲ್ಲ" ಎಂದು ಮರುದಿನ ಕಳಿಸಿದರು. ಈಗ ಆಕೆಯ ಕೈಯಲ್ಲಿ ಮೂರು ಕಾಗದ, ಮೂರರಲ್ಲೂ ಬೇರೆ ಬೇರೆ ಹೆಸರು. ಆರು ತಿಂಗಳ ನಂತರ ಲಕ್ಷ್ಮೇಶ್ವರದಲ್ಲಿ ತವರಿಗೆ ಹೋದಾಗ ಮತ್ತೆ ನೋವು ಬಂತು, ಚೀಲದಲ್ಲಿ ಸಿಕ್ಕಿದ್ದು ನಡುವಿನ ಚೀಟಿ ಮಾತ್ರ. ಅಲ್ಲಿಯ ಡಾಕ್ಟರಿಗೆ ಆಕೆ ಹೃದಯದ ರೋಗಿ! ಇಲ್ಲವೇ ಮೊದಲನೆಯ ಚೀಟಿ ಮಾತ್ರ ಸಿಕ್ಕಿತು ಅನ್ನಿ, ಆಗ ಮತ್ತೆ ಗ್ಯಾಸಿನ ಗುಳಿಗೆ. ಈ ಸಲ ನಿಜವಾಗಿ ಹೃದಯದ್ದೇ ಆಗಿದ್ದರೆ? ಒಮ್ಮೆ ಹೃದಯ ಅಲ್ಲ ಎಂದ ಮಾತ್ರಕ್ಕೆ ಜೀವನಪೂರ್ತಿ ಅಲ್ಲ ಎಂದೇನೂ ಇಲ್ಲ. ಮೂರನೆಯ ಕಾಗದವನ್ನು, ಇಸಿಜಿ ಸಮೇತ, ಆಕೆ ಜೋಪಾನ ಮಾಡಬೇಕಿತ್ತು. ಹಳೆಯ ಇಸಿಜಿ ಇದ್ದರೆ ಹೊಸದರ ಜೊತೆ ಹೋಲಿಸಿ ಬದಲಾವಣೆ ಕಂಡುಹಿಡಿಯುವುದು ಡಾಕ್ಟರಿಗೆ ಸುಲಭ.

ಅಂದ ಹಾಗೆ, ಇಸಿಜಿ ಪಟ್ಟಿ ಶಾಖಕ್ಕೆ ಕಪ್ಪಾಗುವ ಕಾಗದ, ಬಸ್ ಟಿಕೆಟ್ಟಿನ ಹಾಗೆ. ಬಿಸಿಲಿಗೆ, ಒಲೆಯ ಹತ್ತಿರದ ಗೂಡಿನಲ್ಲಿ ಇಟ್ಟರೆ ವರ್ಷದೊಳಗೆ ಗೆರೆ ಮಾಸಿಹೋಗಬಹುದು. ಅದೇ ದಿನ ಝೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಇನ್ನು ಹಣದ ವಿಷಯ. ಖಾಸಗಿ ಆರೋಗ್ಯ ವಿಮೆ ಮಾಡಿಸಿದ ಸದಸ್ಯೆಯರು ಇದನ್ನು ಎರಡು ಸಲ ಓದಿ. ವಿಮೆಗಳ ಮೇಲ್ವಿಚಾರಣೆ ಮಾಡುವ ಐಆರ್‌ಡಿಎಐ, ಯಾವುದಕ್ಕೆ ಹಣ ಕೊಡುವುದಿಲ್ಲ ಎಂಬ ಷರತ್ತುಗಳನ್ನು ಎಲ್ಲ ಕಂಪನಿಗಳಿಗೂ ಒಂದೇ ಮಾದರಿ ಮಾಡಿದೆ. ಅದರಲ್ಲಿ 04ನೆಯ ಸಂಖ್ಯೆಯದು ಹೀಗಿದೆ: ಮುಖ್ಯವಾಗಿ ಪರೀಕ್ಷೆ ಮತ್ತು ತಪಾಸಣೆಗಾಗಿಯೇ ದಾಖಲಾಗಿದ್ದರೆ ಆ ಖರ್ಚು ಸಿಗುವುದಿಲ್ಲ. ಮೇಲಿನ ಉದಾಹರಣೆಯ ಸದಸ್ಯೆಯ ಕಾಗದದಲ್ಲಿ "ಎದೆನೋವು, ತಪಾಸಣೆಗಾಗಿ ದಾಖಲು, ಎಲ್ಲ ಸರಿ ಇದೆ" ಎಂದಷ್ಟೇ ಇದ್ದರೆ ಕ್ಲೇಮ್ ತಿರಸ್ಕಾರವಾಗುವ ಸಂಭವ ಹೆಚ್ಚು. ಬಂದಾಗ ನೋವು ಎಷ್ಟಿತ್ತು, ಬಿಪಿ ಎಷ್ಟಿತ್ತು, ಇಸಿಜಿಯಲ್ಲಿ ಏನು ಅನುಮಾನ ಬಂತು, ಮನೆಗೆ ಕಳಿಸುವುದು ಏಕೆ ಅಪಾಯವಿತ್ತು, ಯಾವ ಔಷಧ ಕೊಟ್ಟರು ಎಂಬುದು ಇದ್ದರೆ ವಾದಕ್ಕೆ ಆಧಾರ ಸಿಗುತ್ತದೆ. ಇದೆಲ್ಲ ನಡೆದದ್ದೇ, ಬರೆದಿರುವುದಿಲ್ಲ ಅಷ್ಟೇ.

ವಿಮೆಗೆ ಬೇಕಾದ ಡಿಸ್ಚಾರ್ಜ್ ಸಮರಿಗೂ ಮಾದರಿ ಇದೆ. ದಾಖಲಾದಾಗಿನ ತಾತ್ಕಾಲಿಕ ನಿರ್ಣಯ, ಬಿಡುಗಡೆಯಾದಾಗಿನ ಅಂತಿಮ ನಿರ್ಣಯ, ಅದರ ಐಸಿಡಿ ಸಂಖ್ಯೆ, ತೊಂದರೆ ಎಷ್ಟು ದಿನದಿಂದ, ದಾಖಲು ಮಾಡಿಕೊಂಡ ಕಾರಣ, ಇವೆಲ್ಲ ಅದರಲ್ಲಿ ಇರಬೇಕು. ಕ್ಲೇಮ್ ಫಾರಂನಲ್ಲಿ ಎರಡು ಭಾಗ. ಮೊದಲನೆಯದು ನೀವು ತುಂಬುವುದು, ಎರಡನೆಯದು ಆಸ್ಪತ್ರೆಯವರು ತುಂಬುವುದು. ಸಂಖ್ಯೆ ಬರುವುದು ಎರಡನೆಯದರಲ್ಲಿ. ಸಮರಿಯಲ್ಲಿ ಕೆ 21, ಫಾರಂನಲ್ಲಿ ಐ 20 ಎಂದು ಇದ್ದರೆ ಕಂಪನಿ ತಡೆಹಿಡಿಯದೆ ಬಿಟ್ಟೀತೆ? ಕೌಂಟರಿನಲ್ಲೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಅಥವಾ ಓದಲು ಬರುವ ಮಗಳಿಂದ ನೋಡಿಸಿ.

ಮೊದಲೇ ಇದ್ದ ಕಾಯಿಲೆಗೆ ವಿಮೆ ಕಂಪನಿ ಕಾಯಿಸಬಹುದಾದ ಅವಧಿಯನ್ನು 2024ರ ಏಪ್ರಿಲ್‌ನಿಂದ ಗರಿಷ್ಠ 36 ತಿಂಗಳಿಗೆ ಇಳಿಸಿದ್ದಾರೆ. ಮೊದಲು ಅದು 48 ತಿಂಗಳಿತ್ತು. "ಬಾಳ ದಿನದಿಂದ" ಎಂಬ ಮಾತು ಎಲ್ಲಿ ಚುಚ್ಚುತ್ತದೆ ಎಂದು ಈಗ ತಿಳಿದಿರಬೇಕು. ಕಾಯಿಲೆಯೇ ಅಲ್ಲದ "?ಐಎಚ್‌ಡಿ" ಹಳೆಯ ಚೀಟಿಯಲ್ಲಿ ಉಳಿದಿದ್ದರೂ ಇದೇ ಕಥೆ.

ಸರ್ಕಾರಿ ಯೋಜನೆಗಳ ದಾರಿ ಸ್ವಲ್ಪ ಬೇರೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಅಲ್ಲಿ ಹಣ ಹೋಗುವುದು ಪಟ್ಟಿಯಲ್ಲಿರುವ ಚಿಕಿತ್ಸೆಗೆ. ತುರ್ತು ಇಲ್ಲದಿದ್ದರೆ ಖಾಸಗಿಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ತುರ್ತಿಗೆ ಬೇಡ. ಹಾಗಾಗಿ ತಾಲ್ಲೂಕು ಆಸ್ಪತ್ರೆಯ ಚೀಟಿಯಲ್ಲಿ ಏನು ಬರೆದು ಕಳಿಸಿದ್ದಾರೆ ಎಂಬುದು ಮುಖ್ಯ. ಯಶಸ್ವಿನಿ ಯೋಜನೆ 2003ರಲ್ಲಿ ಸಹಕಾರ ಸಂಘದ ರೈತರಿಗಾಗಿ ಆರಂಭವಾಗಿ, 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಬಂತು. ಭಾರತದ ಮೊದಲ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲೇ ಅಲ್ಲವೇ. ಸಹಕಾರಿ ಬ್ಯಾಂಕಿನಲ್ಲಿ ಖಾತೆ ಇರುವ ಸ್ವ-ಸಹಾಯ ಸಂಘದವರು ಯಶಸ್ವಿನಿಯ ಬಗ್ಗೆ ಅಲ್ಲಿಯೇ ವಿಚಾರಿಸಿ.

ಹಣದ ಆಸೆಗೆ ಒಂದು ತಪ್ಪು ದಾರಿ ಇದೆ, ಅದನ್ನೂ ಹೇಳಬೇಕು. "ಡಾಕ್ಟರ, ಹಾರ್ಟಿಂದಂತನ ಬರದ ಕೊಡ್ರಿ, ರೊಕ್ಕಾ ಬರತೈತಿ" ಎಂದು ಕೇಳುವವರಿದ್ದಾರೆ. ಇದು ವಂಚನೆ. ಅದೂ ಅಲ್ಲದೆ ಆ ಸುಳ್ಳು ಆಕೆಯ ಹೆಸರಿನಲ್ಲಿ ಉಳಿದು, ಬೇಡದ ಔಷಧ, ಬೇಡದ ಆಂಜಿಯೋಗ್ರಾಂವರೆಗೂ ಕರೆದೊಯ್ಯಬಹುದು. ಬರೆದದ್ದು ನಿಜಕ್ಕೂ ತಪ್ಪಾಗಿದ್ದರೆ ನೀವೇ ಪೆನ್ನಿನಿಂದ ತಿದ್ದಬೇಡಿ. ಡಾಕ್ಟರಿಂದಲೇ ತಿದ್ದಿಸಿ, ಸಹಿ ಮತ್ತು ತಾರೀಕು ಹಾಕಿಸಿ, ಅಥವಾ ವಿವರಣೆಯ ಪತ್ರ ಪಡೆಯಿರಿ.

ಬರವಣಿಗೆ ಸರಿ ಇಲ್ಲದಿದ್ದರೆ ಎಷ್ಟು ಗೊಂದಲವಾಗುತ್ತದೆ ಎಂಬುದಕ್ಕೆ 2025ರ ಹಾಸನದ ಸುದ್ದಿಯೇ ಸಾಕು. ಹಾಸನ ಜಿಲ್ಲೆಯಲ್ಲಿ ಸಾಲುಸಾಲು ಹೃದಯಾಘಾತ ಎಂದು ಟಿವಿಯಲ್ಲಿ ದಿನವೂ ಬಂತು. ಜನ ಹೆದರಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಸರ್ಕಾರದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ನಾಲ್ಕು ಸಾವು ಹೃದಯದ್ದೇ ಅಲ್ಲ. ಉಳಿದ 20ರಲ್ಲಿ 10 ಖಚಿತ, 10 "ಇರಬಹುದು". ಸತ್ತವರ ಮನೆಯಲ್ಲಿ ಇಸಿಜಿ ಇಲ್ಲ, ಮರಣೋತ್ತರ ಪರೀಕ್ಷೆ ಆಗಿಲ್ಲ ಎಂದಾದರೆ ಯಾವ ತಜ್ಞರೂ "ಇರಬಹುದು" ಎಂಬುದಕ್ಕಿಂತ ಹೆಚ್ಚು ಹೇಳಲಾರರು.

ಮರಣ ಪ್ರಕರಣದಲ್ಲಿ ಇದು ನೇರವಾಗಿ ಕುಟುಂಬಕ್ಕೆ ತಟ್ಟುತ್ತದೆ. ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರದಲ್ಲಿ ಬರೀ "ಹೃದಯ ಸ್ತಂಭನ" ಎಂದು ಬರೆದು ಮುಗಿಸುವುದುಂಟು. ಎಲ್ಲರ ಹೃದಯವೂ ಕೊನೆಗೆ ನಿಲ್ಲುತ್ತದೆ, ಅದು ಕಾರಣವಲ್ಲ. ನಿಲ್ಲುವಂತೆ ಮಾಡಿದ್ದು ಏನು ಎಂದು ಬರೆಯಬೇಕು. ವರ್ಷಕ್ಕೆ 436 ರೂಪಾಯಿಯ ಜೀವನ ಜ್ಯೋತಿ ವಿಮೆಗೆ ಯಾವ ಕಾರಣದ ಸಾವಾದರೂ ನಡೆಯುತ್ತದೆ. ಆದರೆ 20 ರೂಪಾಯಿಯ ಸುರಕ್ಷಾ ವಿಮೆ ಅಪಘಾತಕ್ಕೆ ಮಾತ್ರ. ಹೊಲದಲ್ಲಿ ಕರೆಂಟ್ ಹೊಡೆದು ಸತ್ತವರ ಕಾಗದದಲ್ಲಿ ಹೃದಯ ನಿಂತಿತು ಎಂದಷ್ಟೇ ಇದ್ದರೆ 2 ಲಕ್ಷ ರೂಪಾಯಿ ಕೈಬಿಟ್ಟಂತೆಯೇ. ಅಂಥ ಸಂದರ್ಭದಲ್ಲಿ ಪೊಲೀಸ್ ದೂರು, ಮರಣೋತ್ತರ ಪರೀಕ್ಷೆ ಬೇಡವೆನ್ನಬೇಡಿ.

ಕಾಗದ ಕೇಳಲು ಹಿಂಜರಿಯುವವರಿಗೆ: ವೈದ್ಯರ ನಡವಳಿಕೆಯ 2002ರ ನಿಯಮಗಳ ಪ್ರಕಾರ, ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಟ್ಟಿರಬೇಕು. ರೋಗಿ ಅಥವಾ ಆಕೆ ಒಪ್ಪಿಗೆ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅರ್ಜಿಯನ್ನು ಬರೆದೇ ಕೊಡಿ, ಇನ್ನೊಂದು ಪ್ರತಿಯ ಮೇಲೆ ತಲುಪಿದ ಸಹಿ ಹಾಕಿಸಿಕೊಳ್ಳಿ. ಸಂಘದ ಹೆಸರಿನಲ್ಲಿ ಇಬ್ಬರು ಜೊತೆಗೆ ಹೋದರೆ ಕೌಂಟರಿನಲ್ಲಿ ಮಾತು ಬೇರೆಯೇ ಆಗುತ್ತದೆ, ಇದು ನಿಮಗೆ ಬ್ಯಾಂಕಿನಲ್ಲಿ ಗೊತ್ತಾದದ್ದೇ.

ಕ್ಲೇಮ್ ತಿರಸ್ಕಾರವಾಗಿ ಬಂದರೆ ಕಾರಣವನ್ನು ಲಿಖಿತವಾಗಿ ಪಡೆಯಿರಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಡಾಕ್ಟರ ವಿವರಣೆ ಪತ್ರದೊಂದಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಅದಕ್ಕೆ ಫೀ ಇಲ್ಲ, ವಕೀಲರೂ ಬೇಕಿಲ್ಲ. ಪಾಲಿಸಿಯ ಪ್ರತಿ, ತಿರಸ್ಕಾರದ ಪತ್ರ, ಡಿಸ್ಚಾರ್ಜ್ ಸಮರಿ ಮತ್ತು ಆ ಇಸಿಜಿಯ ಝೆರಾಕ್ಸ್ ಜೊತೆಗಿಡಿ.